ಕೆಡುವ ಬಸ್ಸು, ಕೆಡುವ ಕ್ರಮ

ಮೈಸೂರಿನ ಬನ್ನಿಮಂಟಪದಲ್ಲಿರುವ ಕೆಎಸ್‌ಆರ್‌ಟಿಸಿ ಡಿಪೋದಂಥ ಕಡೆ, ಮಾರ್ಗಮಧ್ಯೆ ಕೆಟ್ಟು ನಿಂತ ಬಸ್ಸನ್ನು ಗುಜರಿಗೆ ಹಾಕುವುದಿಲ್ಲ. ಕ್ಲಚ್ ಪ್ಲೇಟನ್ನೋ ಫ್ಯಾನ್ ಬೆಲ್ಟನ್ನೋ ಬದಲಿಸಿ ಮತ್ತೆ ರಸ್ತೆಗೆ ಬಿಡಲಾಗುತ್ತದೆ. ಹೀಗೆ ಕೆಟ್ಟು, ರಿಪೇರಿಯಾಗಿ, ಪುನಃ ದುಡಿಯುವ ಯಂತ್ರಕ್ಕೆ ಸಂಖ್ಯಾಶಾಸ್ತ್ರದಲ್ಲಿ ‘ದುರಸ್ತಿಯೋಗ್ಯ ವ್ಯವಸ್ಥೆ’ ಎಂದು ಹೆಸರು. ಸುಟ್ಟುಹೋದ ಬಲ್ಬಿಗೆ ಒಂದೇ ಆಯುಸ್ಸು. ಬಸ್ಸಿಗಾದರೋ ಇರುವುದು ವೈಫಲ್ಯಗಳ ಸರಣಿ, ಮತ್ತು ಆ ಸರಣಿಯ ಅನುಕ್ರಮದಲ್ಲಿಯೇ ಅದರ ಆರೋಗ್ಯದ ಸುಳಿವಿರುತ್ತದೆ.

ಸಾರಿಗೆ ನಿಗಮಗಳು ಸಾಮಾನ್ಯವಾಗಿ 10,000 ಕಿಲೋಮೀಟರಿಗೆ ಎಷ್ಟು ಬ್ರೇಕ್‌ಡೌನ್ ಎಂದು ಲೆಕ್ಕವಿಡುತ್ತವೆ. ಈ ಸರಾಸರಿ ಉಪಯುಕ್ತವಾದರೂ ಅದು ಅನುಕ್ರಮವನ್ನು ಅಳಿಸಿಹಾಕುತ್ತದೆ. ಉದಾಹರಣೆಗೆಂದು ಕಲ್ಪಿಸಿಕೊಂಡ ಎರಡು ಬಸ್ಸುಗಳು 60,000 ಕಿಲೋಮೀಟರಿನಲ್ಲಿ ಆರಾರು ಬಾರಿ ಕೆಟ್ಟಿವೆ ಎನ್ನೋಣ: ಮೊದಲನೆಯದು 20, 34, 44, 51, 56, 59 ಸಾವಿರದಲ್ಲಿ, ಎರಡನೆಯದು 3, 8, 15, 25, 39, 59 ಸಾವಿರದಲ್ಲಿ. ಎರಡರ ಸರಾಸರಿಯೂ 10,000 ಕಿಲೋಮೀಟರಿಗೆ ಒಂದೇ ವೈಫಲ್ಯ. ಆದರೆ ಒಂದು ಬಸ್ಸು ಹದಗೆಡುತ್ತಿದ್ದರೆ ಇನ್ನೊಂದು ಸುಧಾರಿಸುತ್ತಿರುವಂತಿದೆ.

ಕಣ್ಣಿಗೆ ಕಂಡ ಈ ಒಲವು ಆಕಸ್ಮಿಕವೇ ಎಂಬುದನ್ನು ಲಾಪ್ಲಾಸ್ ಪರೀಕ್ಷೆ ತೂಗಿನೋಡುತ್ತದೆ. ಒಲವೇ ಇಲ್ಲದಿದ್ದರೆ ವೈಫಲ್ಯಗಳ ಸರಾಸರಿ ಸ್ಥಾನ ಅವಧಿಯ ನಡುವಿಗೆ, ಅಂದರೆ 30,000ದ ಸುತ್ತಮುತ್ತ, ಬರಬೇಕು. ಮೊದಲ ಬಸ್ಸಿನಲ್ಲಿ ಅದು 44,000ಕ್ಕೆ ಸರಿದಿರುವುದರಿಂದ ಪರೀಕ್ಷಾಂಕ 1.98 ಆಗಿ, ರೂಢಿಯ ಗಡಿಯಾದ 1.96ನ್ನು ತುಸುವೇ ದಾಟುತ್ತದೆ. ಎರಡನೆಯದರ ಪರೀಕ್ಷಾಂಕ ಸುಮಾರು −0.73 ಆದ್ದರಿಂದ ಅದರ ಸುಧಾರಣೆಯನ್ನು ಖಚಿತವೆನ್ನಲಾಗದು. ಆರೇ ವೈಫಲ್ಯಗಳಿಂದ ಅದಕ್ಕಿಂತ ಹೆಚ್ಚು ಹೇಳುವುದು ಪ್ರಾಮಾಣಿಕವೂ ಅಲ್ಲ.

ಬಾರ್ಲೊ ಮತ್ತು ಹಂಟರ್ 1960ರಲ್ಲಿ ಮಂಡಿಸಿದ ‘ಕನಿಷ್ಠ ದುರಸ್ತಿ’ಯ ಕಲ್ಪನೆಯಂತೆ, ಒಂದು ಬಿಡಿಭಾಗ ಬದಲಿಸಿದ ಮಾತ್ರಕ್ಕೆ ಬಸ್ಸು ಹೊಸದಾಗುವುದಿಲ್ಲ, ಕೆಡುವ ಮುಂಚಿನ ವಯಸ್ಸಿಗೇ ಮರಳುತ್ತದೆ. ಇದಕ್ಕೆ ಹೊಂದುವ ಘಾತ ನಿಯಮದ ಮಾದರಿಯನ್ನು ಲ್ಯಾರಿ ಕ್ರೋ 1974ರಲ್ಲಿ ವಿಸ್ತರಿಸಿದರು. ಅದರ ಬೀಟಾ ಎಂಬ ಘಾತಾಂಕ 1ಕ್ಕಿಂತ ಹೆಚ್ಚಾದರೆ ವೈಫಲ್ಯದ ವೇಗ ಏರುತ್ತಿದೆ, ಕಡಿಮೆಯಾದರೆ ಇಳಿಯುತ್ತಿದೆ ಎಂದರ್ಥ. ಮೇಲಿನ ಮೊದಲ ಬಸ್ಸಿಗೆ ಬೀಟಾ ಸುಮಾರು 2.7 ಬರುತ್ತದೆ, ಪೂರ್ಣ ಓವರ್‌ಹಾಲ್ ಯಾವಾಗ ಮಾಡಿದರೆ ಲಾಭವೆಂಬ ಲೆಕ್ಕ ಇಲ್ಲಿಂದಲೇ ಶುರುವಾಗುತ್ತದೆ.

ಎಲ್ಲ ಬಸ್ಸುಗಳ ದಾಖಲೆಯನ್ನು ಒಟ್ಟುಗೂಡಿಸುವಾಗಲಂತೂ ವಿಶೇಷ ಎಚ್ಚರ ಬೇಕು. ಫ್ರಾಂಕ್ ಪ್ರೋಶಾನ್ 1963ರಲ್ಲಿ ಬೋಯಿಂಗ್ 720 ವಿಮಾನಗಳ ಹವಾನಿಯಂತ್ರಣ ಯಂತ್ರಗಳ ದತ್ತಾಂಶದಿಂದ ತೋರಿಸಿದಂತೆ, ಪ್ರತಿ ವಿಮಾನದಲ್ಲಿಯೂ ವೈಫಲ್ಯದ ವೇಗ ಸ್ಥಿರವಾಗಿದ್ದು ವಿಮಾನದಿಂದ ವಿಮಾನಕ್ಕೆ ಮಾತ್ರ ಬೇರೆಯಾಗಿದ್ದರೂ, ಒಟ್ಟು ರಾಶಿಯಲ್ಲಿ ಆ ವೇಗ ಇಳಿಯುತ್ತಿರುವಂತೆ ಭಾಸವಾಗುತ್ತದೆ. ಆದಕಾರಣ ಪ್ರತಿ ಬಸ್ಸಿಗೂ ಪ್ರತ್ಯೇಕವಾಗಿ, ಕೆಟ್ಟ ಕ್ಷಣದ ಓಡೋಮೀಟರ್ ಅಂಕಿಯನ್ನೂ ಬದಲಿಸಿದ ಭಾಗವನ್ನೂ ಬರೆದಿಡುವುದು ಅಗತ್ಯ.