ಗೃಹನಿರ್ಮಿತ ಗ್ಲಿಸರಿನ್ ಸಾಬೂನು: ಹವ್ಯಾಸದಿಂದ ಮಾರಾಟಕ್ಕೆ
ಗ್ಲಿಸರಿನ್ ಸಾಬೂನು ತಯಾರಿಸಬಯಸುವ ಹೊಸಬರಿಗೆ ಸಿದ್ಧ ‘ಸೋಪ್ ಬೇಸ್’ ಸೂಕ್ತ. ಕಾಸ್ಟಿಕ್ ಸೋಡಾದ ಅಪಾಯಕಾರಿ ಕೆಲಸ ಅದರಲ್ಲಿ ಮೊದಲೇ ಮುಗಿದಿರುತ್ತದೆ. ತುಂಡರಿಸಿದ ಬೇಸನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು, ಕುದಿಯಗೊಡದೆ ಕರಗಿಸಿ, ಬಣ್ಣ ಹಾಗೂ ಸುಗಂಧ ಬೆರೆಸಿ ಅಚ್ಚಿಗೆ ಸುರಿಯಬೇಕು. ಗ್ಲಿಸರಿನ್ ಗಾಳಿಯ ತೇವವನ್ನು ಹೀರುವುದರಿಂದ, ಗಟ್ಟಿಯಾದೊಡನೆ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತತಕ್ಕದ್ದು. ಮಳೆಗಾಲದಲ್ಲಂತೂ ತಡ ಸಲ್ಲದು.

ಮಾರಾಟಕ್ಕಿಳಿದರೆ ಲೆಕ್ಕವೇ ಬೇರೆ. ಕರ್ನಾಟಕದಲ್ಲಿ ಸರಕುಗಳ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರದಿದ್ದರೆ, ರಾಜ್ಯದೊಳಗಿನ ಮಾರಾಟಕ್ಕೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಇದನ್ನೇ ಸಕಲ ಪರವಾನಗಿಗಳ ವಿನಾಯಿತಿಯೆಂದು ಬಗೆಯುವವರುಂಟು. ಆದರೆ ಸ್ನಾನದ ಸಾಬೂನು ಕಾನೂನಿನ ದೃಷ್ಟಿಯಲ್ಲಿ ಸೌಂದರ್ಯವರ್ಧಕ. 2020ರ ನಿಯಮಗಳಂತೆ ಮಾರಾಟಕ್ಕಾಗಿ ತಯಾರಿಸಲು ರಾಜ್ಯದ ಔಷಧ ನಿಯಂತ್ರಣಾಧಿಕಾರಿಗಳ ಪರವಾನಗಿ ಕಡ್ಡಾಯ. ತಕ್ಕ ಆವರಣವೂ ಅರ್ಹ ತಾಂತ್ರಿಕ ಸಿಬ್ಬಂದಿಯೂ ಬೇಕಾದ್ದರಿಂದ ಅಡಿಗೆಮನೆ ಸಾಲದು. ಸಣ್ಣ ಬಂಡವಾಳದವರು ಪರವಾನಗಿಯುಳ್ಳ ಬೇರೊಂದು ಘಟಕದಲ್ಲಿ ‘ಲೋನ್ ಲೈಸೆನ್ಸ್’ ಪಡೆದು ತಯಾರಿಸಿಕೊಳ್ಳುವುದು ಮೇಲು.