ಹೆಚ್ಚು ಜನ ಆಡುವ ಡೆಕ್, ಹೆಚ್ಚು ಗೆಲ್ಲುವ ಡೆಕ್

‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಕಾರ್ಡ್ ಆಟ 1993ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಅದನ್ನು ರೂಪಿಸಿದ ರಿಚರ್ಡ್ ಗಾರ್ಫೀಲ್ಡ್ ಗಣಿತದಲ್ಲಿ ಡಾಕ್ಟರೇಟ್ ಪಡೆದವರು. ಇಸ್ಪೀಟಿನಲ್ಲಿ ಎಲ್ಲರಿಗೂ ಸೇರಿ ಅದೇ 52 ಎಲೆ. ಯಾರ ಕೈಗೆ ಏನು ಬರುತ್ತದೆ ಎಂಬುದಷ್ಟೇ ಅದೃಷ್ಟ. ಇಲ್ಲಿ ಹಾಗಲ್ಲ. ಸಾವಿರಾರು ಬಗೆಯ ಕಾರ್ಡ್‌ಗಳಲ್ಲಿ ತನಗೆ ಬೇಕಾದ ಕನಿಷ್ಠ 60ನ್ನು ಆರಿಸಿ, ತನ್ನದೇ ಡೆಕ್ ಕಟ್ಟಿಕೊಂಡು ಆಟಗಾರ ಪಂದ್ಯಕ್ಕೆ ಬರುತ್ತಾನೆ. ಎದುರಾಳಿ ಏನು ತಂದಾನು ಎಂಬ ಊಹೆಯೇ ಅರ್ಧ ಆಟ. ಹೀಗಾಗಿ ಟೂರ್ನಿ ಆಡುವವರೆಲ್ಲ ಎರಡು ಅಂಕಿಗಳ ಮೇಲೆ ಕಣ್ಣಿಟ್ಟಿರುತ್ತಾರೆ. ಒಂದು, ಯಾವ ಡೆಕ್ಕನ್ನು ಶೇಕಡಾ ಎಷ್ಟು ಜನ ಆಡುತ್ತಿದ್ದಾರೆ. ಇನ್ನೊಂದು, ಅದು ಶೇಕಡಾ ಎಷ್ಟು ಪಂದ್ಯ ಗೆಲ್ಲುತ್ತಿದೆ. ಇವೆರಡೂ ಒಂದೇ ಮಾತನ್ನು ಹೇಳುತ್ತವೆ, ಒಳ್ಳೆಯ ಡೆಕ್ ಹೆಚ್ಚು ಗೆಲ್ಲುತ್ತದೆ, ಹೆಚ್ಚು ಗೆಲ್ಲುವುದನ್ನೇ ಜನ ಆಡುತ್ತಾರೆ ಎಂಬುದು ಸಾಮಾನ್ಯ ನಂಬಿಕೆ. ಈ ನಂಬಿಕೆ ತಪ್ಪು. ಗೆಲುವಿನ ಪ್ರಮಾಣ ಕಾಗದದ ತೂಕದ ಹಾಗೆ ಡೆಕ್ಕಿನೊಳಗೇ ಇರುವ ಗುಣವಲ್ಲ. ಆ ವಾರ ಎದುರಿಗೆ ಯಾರು ಯಾರು ಇದ್ದರು ಎಂಬುದರ ಜೊತೆಗೇ ಅದು ಹುಟ್ಟುತ್ತದೆ, ಅದರ ಜೊತೆಗೇ ಬದಲಾಗುತ್ತದೆ.

ಮೊದಲು ಈ ಅಂಕಿಗಳು ಎಲ್ಲಿಂದ ಬರುತ್ತವೆ ನೋಡೋಣ. ಇದೇ ಆಟದ ಕಂಪ್ಯೂಟರ್ ರೂಪವಾದ ‘ಮ್ಯಾಜಿಕ್ ಆನ್‌ಲೈನ್’ನಲ್ಲಿ ಲೀಗ್ ಎಂದರೆ ಐದು ಪಂದ್ಯಗಳ ಸರಣಿ. ಐದಕ್ಕೆ ಐದೂ ಗೆದ್ದ ಡೆಕ್‌ಗಳಲ್ಲಿ ಕೆಲವು ಪ್ರಕಟವಾಗುತ್ತವೆ. ಸೋತವು ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ಸಾಧಾರಣ ಡೆಕ್ ಇದೆ, ಪ್ರತಿ ಪಂದ್ಯವನ್ನು ಗೆಲ್ಲುವ ಸಂಭವ ಶೇ. 50 ಎಂದುಕೊಳ್ಳಿ. ಅದನ್ನು ಆಡಿದ 32 ಜನರಲ್ಲಿ ಸರಾಸರಿ ಒಬ್ಬರು ಐದನ್ನೂ ಗೆಲ್ಲುತ್ತಾರೆ. 400 ಜನ ಆಡಿದರೆ ಹನ್ನೆರಡು-ಹದಿಮೂರು ಮಂದಿ ಗೆದ್ದವರ ಸಾಲಿಗೆ ಬರುತ್ತಾರೆ. ಇನ್ನೊಂದು ಡೆಕ್ ನಿಜಕ್ಕೂ ಬಲಿಷ್ಠ, ಅದರ ಸಂಭವ ಶೇ. 60; ಆದರೆ ಆಡಿದವರು 100 ಜನ ಮಾತ್ರ. ಅವರಲ್ಲಿ ಐದನ್ನೂ ಗೆಲ್ಲುವವರು ಸುಮಾರು ಎಂಟು. ಗೆದ್ದವರ ಪಟ್ಟಿ ಹಿಡಿದು ಎಣಿಸಿದವನಿಗೆ ಸಾಧಾರಣ ಡೆಕ್ಕೇ ಮೇಲೆ ಕಾಣುತ್ತದೆ, ಅವನು ಅದನ್ನೇ ಕೊಳ್ಳುತ್ತಾನೆ, ಮುಂದಿನ ವಾರ ಅದರ ಸಂಖ್ಯೆ ಮತ್ತೂ ಬೆಳೆಯುತ್ತದೆ. ಸಾಲದೆಂಬಂತೆ, 2017ರಿಂದ ಆಟವನ್ನು ಹೊರತರುವ ಕಂಪನಿ ಈ ಪ್ರಕಟಣೆಯನ್ನು ಇನ್ನಷ್ಟು ಬಿಗಿ ಮಾಡಿ, ಒಂದನ್ನೊಂದು ಹೋಲದ ಡೆಕ್‌ಗಳನ್ನೇ ಆರಿಸಿ ಕೊಡತೊಡಗಿತು. ಪೂರ್ಣ ಮಾಹಿತಿ ಕೊಟ್ಟರೆ ಆಟಗಾರರೆಲ್ಲ ಕೂಡಿ ಆಟವನ್ನು ಬೇಗ ಬಿಡಿಸಿಬಿಡುತ್ತಾರೆ ಎಂಬುದು ಅದರ ಆತಂಕ. ಆ ಆತಂಕ ನ್ಯಾಯವಾದದ್ದೇ ಇರಬಹುದು. ಆದರೆ ಅಂಥ ಪಟ್ಟಿಯಿಂದ ಜನಪ್ರಿಯತೆಯನ್ನೂ ಅಳೆಯಲಾಗದು, ಬಲವನ್ನೂ ಅಳೆಯಲಾಗದು.

ಗೆದ್ದವು, ಸೋತವು ಎಲ್ಲ ಪಂದ್ಯಗಳ ಲೆಕ್ಕ ಸಿಕ್ಕರೂ ಆಕಸ್ಮಿಕದ ಕಾಟ ತಪ್ಪದು. ಒಂದು ಡೆಕ್ 50 ಪಂದ್ಯಗಳಲ್ಲಿ 27 ಗೆದ್ದರೆ ಶೇ. 54 ಎಂದು ಬರೆಯುತ್ತೇವೆ. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಅದರ ನಿಜವಾದ ಪ್ರಮಾಣ 40ರಿಂದ 68ರ ನಡುವೆ ಎಲ್ಲಿಯಾದರೂ ಇರಬಹುದು. ಈ ಅನಿಶ್ಚಿತತೆಯನ್ನು ಆಚೀಚೆ ಶೇಕಡಾ ಎರಡು ಅಂಶಕ್ಕೆ ಇಳಿಸಲು ಸುಮಾರು 2,400 ಪಂದ್ಯ ಬೇಕು, ಒಂದು ಅಂಶಕ್ಕೆ ಇಳಿಸಲು 9,600. ಅನೇಕ ದೊಡ್ಡ ಟೂರ್ನಿಗಳಿಗೂ ಕೆಲವು ನೂರು ಆಟಗಾರರಷ್ಟೇ ಬರುತ್ತಾರೆ. ಅಪರೂಪದ ಡೆಕ್‌ಗಳ ಪಾಲಿಗೆ ಒಂದಷ್ಟು ಡಜನ್ ಪಂದ್ಯ ಸಿಕ್ಕರೆ ಹೆಚ್ಚು. ಇಪ್ಪತ್ತು ಡೆಕ್‌ಗಳು ನಿಜಕ್ಕೂ ಸರಿಸಮ ಎಂದಿಟ್ಟುಕೊಂಡು ಒಂದೊಂದನ್ನೂ 50 ಪಂದ್ಯ ಆಡಿಸಿದರೂ, ಕೋಷ್ಟಕದ ತುದಿಯಲ್ಲಿ ಕೂತದ್ದು ಶೇ. 60 ದಾಟಿರುವುದು ತೀರ ಸಹಜ. ಅದರ ಬಗ್ಗೆ ಬರೆಯುವ ಉತ್ಸಾಹಿಗಳು ಮಾತ್ರ ಅದಕ್ಕೊಂದು ಕಾರಣ ಹುಡುಕದೆ ಬಿಡುವುದಿಲ್ಲ.

ಇಷ್ಟು ಅಳತೆಯ ಕಷ್ಟ. ಅಳತೆ ಕರಾರುವಾಕ್ಕಾಗಿದ್ದರೂ ಉಳಿಯುವ ತೊಡಕು ಬೇರೆ, ಮತ್ತು ನನಗೆ ಮುಖ್ಯ ಅನ್ನಿಸುವುದು ಅದೇ. ಮೂರು ಡೆಕ್‌ಗಳನ್ನು ಊಹಿಸಿಕೊಳ್ಳಿ: ಕ, ಖ, ಗ. ಕ ಎದುರಾದರೆ ಖ ಸೋಲುವುದೇ ಹೆಚ್ಚು, ಕ ಶೇ. 60 ಗೆಲ್ಲುತ್ತದೆ. ಖ ತನ್ನ ಪಾಲಿಗೆ ಗ ಮೇಲೆ ಶೇ. 55 ಗೆಲ್ಲುತ್ತದೆ. ಗ ಮಾತ್ರ ಕ ಮೇಲೆ ಶೇ. 70ರಷ್ಟು ಸವಾರಿ ಮಾಡುತ್ತದೆ. ಆಟಗಾರರೆಲ್ಲ ಜಾಣರು, ಸೋಲುವ ಡೆಕ್ಕನ್ನು ಬಿಟ್ಟು ಗೆಲ್ಲುವುದಕ್ಕೆ ಜಿಗಿಯುತ್ತಲೇ ಇರುತ್ತಾರೆ ಎಂದಾದರೆ, ಯಾರಿಗೂ ಡೆಕ್ ಬದಲಿಸಿ ಲಾಭವಿಲ್ಲದ ಒಂದು ಸಮತೋಲ ಇದೆ. ಜಾನ್ ನ್ಯಾಶ್ 1950ರಲ್ಲಿ ತೋರಿಸಿಕೊಟ್ಟ ಸಮತೋಲ ಇದು. ಲೆಕ್ಕ ಹಾಕಿದರೆ ಅಲ್ಲಿ ಕ ಆಡುವವರು ಶೇ. 14, ಗ ಆಡುವವರು 29, ಖ ಆಡುವವರು 57. ಯಾರನ್ನೂ ಶೇ. 55ಕ್ಕಿಂತ ಹೆಚ್ಚು ಸೋಲಿಸಲಾಗದ, ನೋಡಲು ಸಪ್ಪೆಯಾದ ಖ ಅರ್ಧಕ್ಕಿಂತ ಹೆಚ್ಚು ಜನರ ಕೈಯಲ್ಲಿ! ಅದನ್ನು ಚೆನ್ನಾಗಿ ಸೋಲಿಸುವ ಕ ಎಲ್ಲಕ್ಕಿಂತ ಅಪರೂಪ. ಕಾರಣ ಸರಳ: ಕ ಸ್ವಲ್ಪ ಹೆಚ್ಚಿದರೂ ಗ ಆಡುವವರಿಗೆ ಸುಗ್ಗಿ, ಆದ್ದರಿಂದ ಕ ತಲೆ ಎತ್ತುವುದಿಲ್ಲ, ಆ ಅವಕಾಶದಲ್ಲಿ ಖ ಬೆಳೆಯುತ್ತದೆ. ಇಲ್ಲಿ ಮೂರರ ಒಟ್ಟು ಗೆಲುವಿನ ಪ್ರಮಾಣವೂ ಸರಿಯಾಗಿ ಶೇ. 50. ಜನಪ್ರಿಯತೆಯಲ್ಲಿ ನಾಲ್ಕು ಪಟ್ಟು ವ್ಯತ್ಯಾಸ, ಗೆಲುವಿನಲ್ಲಿ ಎಳ್ಳಷ್ಟೂ ಇಲ್ಲ.

ಜೀವವಿಜ್ಞಾನ ಈ ತರ್ಕವನ್ನು ಚೆನ್ನಾಗಿ ಬಲ್ಲದು. ಪ್ರಾಣಿಗಳ ಕಾದಾಟಕ್ಕೆ ಇದೇ ಗಣಿತವನ್ನು ಜಾನ್ ಮೇನಾರ್ಡ್ ಸ್ಮಿತ್ ಮತ್ತು ಜಾರ್ಜ್ ಪ್ರೈಸ್ 1973ರಲ್ಲಿ ಅನ್ವಯಿಸಿದರು. 1996ರಲ್ಲಿ ಬ್ಯಾರಿ ಸಿನರ್ವೊ ಮತ್ತು ಕರ್ಟಿಸ್ ಲೈವ್ಲಿ ಕ್ಯಾಲಿಫೋರ್ನಿಯಾದ ಒಂದು ಜಾತಿಯ ಹಲ್ಲಿಗಳಲ್ಲಿ ಜೀವಂತ ಉದಾಹರಣೆಯನ್ನೇ ಕಂಡರು. ಕಿತ್ತಳೆ ಬಣ್ಣದ ಗಂಟಲಿನ ಗಂಡು ಮೈಮೇಲೆ ಬಿದ್ದು ದೊಡ್ಡ ಜಾಗ ಹಿಡಿದು ನೀಲಿ ಗಂಟಲಿನದನ್ನು ಹಿಮ್ಮೆಟ್ಟಿಸುತ್ತದೆ. ನೀಲಿ ತನ್ನ ಸಂಗಾತಿಯನ್ನು ಕಾದು ಹಳದಿಯನ್ನು ತಡೆಯುತ್ತದೆ. ಹಳದಿಯಾದರೋ ಹೆಣ್ಣಿನಂತೆ ಕಂಡು, ಕಿತ್ತಳೆಯ ದೊಡ್ಡ ಜಾಗದೊಳಕ್ಕೆ ನುಸುಳಿ ಕೆಲಸ ಸಾಧಿಸುತ್ತದೆ. ವರ್ಷದಿಂದ ವರ್ಷಕ್ಕೆ ಮೂರರ ಸಂಖ್ಯೆ ಏರಿಳಿಯುತ್ತದೆ. ಯಾವುದು ಅತ್ಯುತ್ತಮ ಹಲ್ಲಿ ಎಂಬ ಪ್ರಶ್ನೆಗೆ ಅಲ್ಲಿ ಅರ್ಥವಿಲ್ಲ. ಈ ವರ್ಷ ಯಾವುದು ವಿರಳವಾಗಿದೆ, ಅದರ ಬೇಟೆ ಯಾವುದು ಎಂದಷ್ಟೇ ಕೇಳಬಹುದು.

ಹಾಗಾದರೆ ನಿಜಕ್ಕೂ ಮಿತಿಮೀರಿದ ಡೆಕ್ ಎಂಬುದೇ ಇಲ್ಲವೇ ಎಂದು ಯಾರಾದರೂ ಕೇಳಿಯಾರು. ಇದೆ, ಮತ್ತು ಈ ಆಕ್ಷೇಪಣೆಯಲ್ಲಿ ತೂಕವಿದೆ. ಆಟಗಾರರು ಸಮತೋಲಕ್ಕೆ ತಕ್ಷಣ ತಲುಪುವವರಲ್ಲ. ಕಾರ್ಡ್ ದುಬಾರಿ, ಅಭ್ಯಾಸ ನಿಧಾನ, ಒಲವು ಬೇರೆ ಬೇರೆ. ಅದಕ್ಕೇ ಎರಡು ಅಂಕಿಗಳು ಪರಸ್ಪರ ಹೇಗೆ ಓಡುತ್ತವೆ ಎಂಬುದನ್ನು ಕಾಲಕ್ರಮದಲ್ಲಿ ನೋಡಬೇಕು. 2016ರ ಜನವರಿಯಲ್ಲಿ ಬಂದ ಹೊಸ ಕಾರ್ಡ್‌ಗಳಿಂದ ‘ಎಲ್ಡ್ರಾಜಿ’ ಎಂಬ ಡೆಕ್ ಹುಟ್ಟಿತು. ಫೆಬ್ರುವರಿಯಲ್ಲಿ ಅಟ್ಲಾಂಟಾದಲ್ಲಿ ನಡೆದ ‘ಪ್ರೊ ಟೂರ್’ ಎಂಬ ಟೂರ್ನಿಗೆ ಅದನ್ನು ತಂದವರು ಕಡಿಮೆ; ಕೊನೆಯ ಎಂಟರಲ್ಲಿ ಆರು ಅದೇ. ಇಷ್ಟರಿಂದಲೇ ತೀರ್ಪು ಕೊಡಲಾಗದು, ಎದುರಾಳಿಗಳು ಸಿದ್ಧರಿರಲಿಲ್ಲವಷ್ಟೆ. ಮುಂದೆ ಎಲ್ಲರೂ ಅದನ್ನು ಎದುರಿಸಲೆಂದೇ ಡೆಕ್ ಕಟ್ಟಿದರು, ಆಡುವವರೂ ಹೆಚ್ಚಿದರು, ಆದರೂ ಅದು ಮಣಿಯಲಿಲ್ಲ. ಏಪ್ರಿಲ್‌ನಲ್ಲಿ ಅದರ ಬೆನ್ನೆಲುಬಾದ ‘ಐ ಆಫ್ ಉಗಿನ್’ ಕಾರ್ಡನ್ನು ಆ ಟೂರ್ನಿಯಲ್ಲಿ ಆಡಿದ ಆಟದ ಪ್ರಕಾರದಿಂದ ನಿಷೇಧಿಸಿದರು. ಆ ತಿಂಗಳುಗಳನ್ನು ಆಟಗಾರರು ಇಂದಿಗೂ ‘ಎಲ್ಡ್ರಾಜಿ ವಿಂಟರ್’ ಎನ್ನುತ್ತಾರೆ. ಬಲದ ಸಾಕ್ಷ್ಯ ಇದು: ಜನಪ್ರಿಯತೆ ಏರಿದಾಗಲೂ, ಎಲ್ಲರ ಗುರಿಯಾದಾಗಲೂ ಗೆಲುವು ಕುಸಿಯದಿರುವುದು.

ಅಲ್ಲೂ ಒಂದು ಎಚ್ಚರ ಬೇಕು. 2019ರ ನವೆಂಬರ್‌ನಲ್ಲಿ ರಿಚ್ಮಂಡ್ ನಗರದ ಮಿಥಿಕ್ ಚಾಂಪಿಯನ್‌ಶಿಪ್‌ನಲ್ಲಿ ಸುಮಾರು ಮೂರನೇ ಎರಡು ಭಾಗದಷ್ಟು ಡೆಕ್‌ಗಳಲ್ಲಿ ‘ಓಕೊ’ ಎಂಬ ಒಂದೇ ಕಾರ್ಡ್ ಇತ್ತು. ಅದೇ ತಿಂಗಳು ಅದನ್ನು ನಿಷೇಧಿಸಲಾಯಿತು. ಅಂಥ ಕೂಟದಲ್ಲಿ ಓಕೊ ಹಿಡಿದವನಿಗೆ ಓಕೊ ಹಿಡಿದವನೇ ಎದುರಾಗುವುದು ಹೆಚ್ಚು. ಒಬ್ಬ ಗೆದ್ದರೆ ಇನ್ನೊಬ್ಬ ಸೋಲಲೇಬೇಕು, ಆದ್ದರಿಂದ ಆ ಪಂದ್ಯಗಳ ಪ್ರಮಾಣ ಯಾವಾಗಲೂ ಶೇ. 50. ಒಂದು ಡೆಕ್ ಇತರರ ಮೇಲೆ ಶೇ. 60 ಗೆದ್ದರೂ, ಹತ್ತರಲ್ಲಿ ನಾಲ್ವರು ಅದನ್ನೇ ಆಡಿದರೆ ಒಟ್ಟು ಲೆಕ್ಕ 56ಕ್ಕೆ ಇಳಿಯುತ್ತದೆ. ಜನಪ್ರಿಯತೆಯೇ ಬಲವನ್ನು ಮರೆಮಾಚುವ ಬಗೆ ಇದು; ತನ್ನಂಥದ್ದೇ ಡೆಕ್ ವಿರುದ್ಧದ ಪಂದ್ಯಗಳನ್ನು ಕಳೆಯದೆ ಕೊಟ್ಟ ಶೇಕಡಾವಾರು ನಂಬಲರ್ಹವಲ್ಲ.

ಲಕ್ಷಗಟ್ಟಲೆ ಪಂದ್ಯಗಳ ದಾಖಲೆ ಸಿಗುವ ಈ ಕಾಲದಲ್ಲಿ ಇದೆಲ್ಲ ತಾನಾಗಿ ಸರಿಹೋಗುತ್ತದೆ ಎಂಬುದು ಇನ್ನೊಂದು ವಾದ. ಆದರೆ ದೊಡ್ಡ ಸಂಖ್ಯೆ ಆಕಸ್ಮಿಕವನ್ನು ತೊಡೆಯುತ್ತದೆ, ಪಕ್ಷಪಾತವನ್ನಲ್ಲ. ಎರಡು ಡೆಕ್‌ಗಳಿವೆ; ನುರಿತವರ ಕೈಯಲ್ಲಿ ಮೊದಲನೆಯದು ಶೇ. 60, ಹೊಸಬರ ಕೈಯಲ್ಲಿ 45 ಗೆಲ್ಲುತ್ತದೆ ಎನ್ನಿ. ಎರಡನೆಯದು 58 ಮತ್ತು 43. ಇಬ್ಬರ ಕೈಯಲ್ಲೂ ಮೊದಲನೆಯದೇ ಮೇಲು. ಆದರೆ ಅದು ಅಗ್ಗವಾದ್ದರಿಂದ ಆಡುವವರಲ್ಲಿ ಶೇ. 80 ಹೊಸಬರು, ಎರಡನೆಯದರಲ್ಲಿ ಶೇ. 80 ನುರಿತವರು ಇದ್ದರೆ, ಒಟ್ಟು ಲೆಕ್ಕದಲ್ಲಿ ಮೊದಲನೆಯದು 48, ಎರಡನೆಯದು 55. ಕೋಟಿ ಪಂದ್ಯ ಸೇರಿಸಿದರೂ ಈ ತಲೆಕೆಳಗು ಲೆಕ್ಕ ನೆಟ್ಟಗಾಗುವುದಿಲ್ಲ. ಆಟಗಾರರನ್ನು ಪರಿಣತಿಯ ಪ್ರಕಾರ ವಿಂಗಡಿಸಿದರೆ ಮಾತ್ರ ಆಗುತ್ತದೆ.

ಆದ್ದರಿಂದ ಇಂಥ ಕೋಷ್ಟಕ ಪ್ರಕಟಿಸುವವರು ಪ್ರತಿ ಶೇಕಡಾವಾರಿನ ಪಕ್ಕದಲ್ಲಿ ಪಂದ್ಯಗಳ ಸಂಖ್ಯೆಯನ್ನೂ, ಒಂದೇ ಬಗೆಯ ಡೆಕ್‌ಗಳ ನಡುವಿನ ಪಂದ್ಯ ಕಳೆದ ಲೆಕ್ಕವನ್ನೂ, ಹಿಂದಿನ ವಾರಗಳ ಜನಪ್ರಿಯತೆಯನ್ನೂ ಕೊಡಬೇಕು. ಇವು ಅವರ ಬಳಿ ಇದ್ದೇ ಇರುತ್ತವೆ. ಕೊಡದಿದ್ದರೆ, ಓದುಗರೇ, ಕೇಳಿ ಪಡೆಯಿರಿ. ಸಿಗುವ ತನಕ ಆ ಕೋಷ್ಟಕ ನೋಡಿ ದುಬಾರಿ ಕಾರ್ಡ್ ಕೊಳ್ಳಬೇಡಿ.