ಮುಂದಿನ ಶಾಕ್ ಬದಲಿಸುವ ಮುನ್ನ ಒಮ್ಮೆ ಬಗ್ಗಿ ನೋಡಿ

ಬಾರಾಮತಿ: ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ನಮ್ಮ ಊರಿನ ರಸ್ತೆಗಳಲ್ಲಿ ಬೈಕ್ ಓಡಿಸುವುದು ಸುಲಭದ ಮಾತಲ್ಲ. ಸಕ್ಕರೆ ಕಾರ್ಖಾನೆಗಳತ್ತ ಹೊರಟ ಟ್ರ್ಯಾಕ್ಟರ್‌ಗಳ ಸಾಲು, ರಸ್ತೆ ಮೇಲೆ ಬಿದ್ದ ಜಲ್ಲೆ, ಅಲ್ಲಲ್ಲಿ ಹಂಪ್. 2022ರ ಡಿಸೆಂಬರ್‌ನ ಒಂದು ಸಂಜೆ ಬ್ಯಾಂಕಿನ ಕೆಲಸ ಮುಗಿಸಿ, ಪತ್ನಿಯನ್ನು ಹಿಂದೆ ಕೂರಿಸಿಕೊಂಡು ಹೊರಟಿದ್ದೆ. ಮುಂದಿದ್ದ ಟ್ರ್ಯಾಕ್ಟರ್ ಗಕ್ಕನೆ ನಿಂತಿತು. ಮುಂದಿನ ಡಿಸ್ಕ್ ಬ್ರೇಕ್ ಒತ್ತಿದರೆ ಹಿಡಿಯಲೇ ಇಲ್ಲ. ಹಿಂದಿನ ಬ್ರೇಕಿನ ಮೇಲೆ ನಿಂತು, ಟ್ರಾಲಿಗೆ ಒಂದು ಮೊಳ ದೂರದಲ್ಲಿ ಹೇಗೋ ಗಾಡಿ ನಿಲ್ಲಿಸಿದೆ.

ತಪ್ಪು ನನ್ನದೇ. ಎರಡು ತಿಂಗಳಿಂದ ಹಂಪ್ ಮೇಲೆ ಮುಂಭಾಗ 'ಟಕ್' ಎನ್ನುತ್ತಿತ್ತು. ಬ್ರೇಕ್ ಹಾಕಿದರೆ ಮೂತಿ ತೀರಾ ಕೆಳಗೆ ಕುಸಿಯುತ್ತಿತ್ತು. ನಾಳೆ ನೋಡಿದರಾಯಿತೆಂದು ಬಿಟ್ಟಿದ್ದೆ. ಒಂದು ಗ್ಯಾರೇಜಿನಲ್ಲಿ, ಇದನ್ನು ತೆಗೆದು ದೊಡ್ಡ ಬೈಕಿನ ದಪ್ಪ 'ಉಲ್ಟಾ' ಫೋರ್ಕ್ ಹಾಕಿಸಿ ಎಂದರು. ಮಗನಿಗೂ ಅದೇ ಆಸೆ. ಕೊನೆಗೆ ಸೋಲಾಪುರ ಕಡೆಯ ಒಬ್ಬ ಹಿರಿಯ ಮೇಸ್ತ್ರಿ ಕನ್ನಡದಲ್ಲೇ ಹೇಳಿದರು: "ಹೊಸಾದು ಇರ್ಲಿ ಸಾಹೇಬ್ರ, ಹಳೇದಕ್ಕ ಏನಾಗೇತಿ ಮೊದ್ಲ ನೋಡ್ರಿ."

ಒಳಗೆ ಇರುವುದೇನು?

ಮುಂದಿನ ಎರಡು ಕಾಲುಗಳಲ್ಲಿ ಕೊಳವೆಯೊಳಗೆ ಕೊಳವೆ, ಅದರೊಳಗೆ ಸ್ಪ್ರಿಂಗ್ ಮತ್ತು ಎಣ್ಣೆ. ಭಾರ ಹೊರುವುದು ಸ್ಪ್ರಿಂಗ್. ಅದು ಚೆಂಡಿನಂತೆ ಪುಟಿಯದಂತೆ ತಡೆಯುವುದು ಸಣ್ಣ ರಂಧ್ರಗಳಲ್ಲಿ ಹಾಯುವ ಎಣ್ಣೆ. 1935ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ತನ್ನ ಆರ್-12 ಬೈಕಿನಲ್ಲಿ ಎಣ್ಣೆಯ ಇಂಥ ಫೋರ್ಕ್ ತಂದಿತು. 1961ರಿಂದ 1996ರವರೆಗೆ ನಮ್ಮ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿಗಳದೂ ಇದೇ ಜಾತಿ. ಬಾರಾಮತಿಯಲ್ಲೇ ತಯಾರಾಗುವ ವೆಸ್ಪಾ ಮಾತ್ರ ಬೇರೆ. ಅದರ ಮುಂದಿನ ಚಕ್ರಕ್ಕೆ ಒಂದೇ ಬದಿಯ ತೋಳು.

ದೋಷ ಹುಡುಕುವ ಬಗೆ

ಹೊಳೆಯುವ ಕೊಳವೆಯ ಮೇಲೆ ಎಣ್ಣೆಯ ಉಂಗುರ ಕಂಡರೆ ಆಯಿಲ್ ಸೀಲ್ ಹೋಗಿದೆ ಎಂದರ್ಥ. ನನ್ನ ಗಾಡಿಯಲ್ಲಿ ಆ ಎಣ್ಣೆ ಕೆಳಗಿಳಿದು ಡಿಸ್ಕ್ ಸೇರಿತ್ತು. ಎಣ್ಣೆ ಕುಡಿದ ಬ್ರೇಕ್ ಪ್ಯಾಡ್ ಬದಲಿಸಲೇಬೇಕು. ಸೀಲ್ ಯಾವಾಗಲೂ ಎರಡೂ ಕಾಲಿಗೆ ಒಟ್ಟಿಗೇ ಹಾಕಿಸಿ. ಕೊಳವೆಯಲ್ಲಿ ತುಕ್ಕಿನ ಗುಳಿ ಇದ್ದರೆ ಹೊಸ ಸೀಲೂ ಬೇಗ ಹರಿಯುತ್ತದೆ. ಮೊದಲು ಅದನ್ನು ಸರಿಪಡಿಸಬೇಕು. ಎಣ್ಣೆ ಕಂಪನಿ ಹೇಳಿದ ದರ್ಜೆಯದ್ದೇ ಇರಲಿ, ಎರಡೂ ಕಾಲಿಗೆ ಪುಸ್ತಕದಲ್ಲಿ ಬರೆದಷ್ಟೇ ಅಳೆದು ಹಾಕಲಿ.

ಮುಂದಿನ ಬ್ರೇಕ್ ಹಿಡಿದು ಗಾಡಿಯನ್ನು ಹಿಂದೆ ಮುಂದೆ ತಳ್ಳಿದಾಗ ಹ್ಯಾಂಡಲ್ ಬುಡದಲ್ಲಿ ಸದ್ದು ಬಂದರೆ ತಪ್ಪು ಫೋರ್ಕಿನದಲ್ಲದೆ ಕೋನ್ ಸೆಟ್‌ನದಾಗಿರಬಹುದು. ಚಕ್ರ ಬಿಚ್ಚಿ ಹಾಕಿದ ಮೇಲೆ ಹ್ಯಾಂಡಲ್ ಒಂದು ಬದಿಗೆ ಎಳೆದರೆ ಕಾಲುಗಳು ಸಮವಾಗಿ ಕುಳಿತಿಲ್ಲವೇ ಎಂದು ನೋಡಿಸಿ.

ಬದಲಾವಣೆ ಬೇಕೇ ಬೇಕೆಂದರೆ

ಮೊದಲು ಅಳತೆ ಮಾಡಿ. ಸೆಂಟರ್ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರ ನೆಲ ಬಿಡುವಂತೆ ಮಾಡಿ, ಕೊಳವೆಗೆ ಸೀಲಿನ ಪಕ್ಕದಲ್ಲೇ ಒಂದು ಪ್ಲಾಸ್ಟಿಕ್ ಟೈ ಕಟ್ಟಿ. ಗಾಡಿ ಇಳಿಸಿ, ಒಬ್ಬರು ಹಿಡಿದಿರುವಾಗ ನಿಧಾನವಾಗಿ ಕುಳಿತು ಇಳಿಯಿರಿ. ಮತ್ತೆ ಚಕ್ರ ಎತ್ತಿದಾಗ ಟೈ ಎಷ್ಟು ಸರಿದಿದೆ ನೋಡಿ. ಫೋರ್ಕ್ ಒಟ್ಟು 120 ಮಿ.ಮೀ. ಕುಗ್ಗುವಂಥದ್ದಾದರೆ 30ರಿಂದ 40 ಮಿ.ಮೀ. ಸರಿಯಾದದ್ದು. ಅದಕ್ಕಿಂತ ಹೆಚ್ಚಿದ್ದರೆ ಸ್ಪ್ರಿಂಗ್ ಸೋತಿದೆ, ಇಲ್ಲವೇ ನಮ್ಮ ತೂಕಕ್ಕೆ ಮೆತ್ತಗಾಗಿದೆ. ಆಗ ಸ್ವಲ್ಪ ಗಟ್ಟಿ ಸ್ಪ್ರಿಂಗ್ ಹಾಕಿಸಿದರೆ ಸಾಕು. ಕೊಳವೆಗೆ ರಬ್ಬರ್ ಗವಸು ಹಾಕಿಸಿದರೆ ಧೂಳಿನಿಂದ ಸೀಲ್ ಉಳಿಯುತ್ತದೆ.

ಬೇರೆ ಬೈಕಿನ ಫೋರ್ಕ್ ಜೋಡಿಸುವುದು ಹಾಗಲ್ಲ. ಉದ್ದ, ಕೋನ, ಬ್ರೇಕ್ ಕೂರುವ ಜಾಗ ಎಲ್ಲವೂ ಬದಲಾಗಿ ತಿರುವಿನಲ್ಲಿ ಗಾಡಿಯ ನಡೆಯೇ ಬೇರೆಯಾಗುತ್ತದೆ. ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಅಪಘಾತವಾದರೆ ವಿಮೆಯವರೂ ಪ್ರಶ್ನೆ ಎತ್ತಬಹುದು.

ನನಗೆ ಎರಡು ಸೀಲ್, ಎಣ್ಣೆ, ಒಂದು ಜೊತೆ ಪ್ಯಾಡ್ ಸಾಕಾಯಿತು. ಈಗ ಪ್ರತಿ ಭಾನುವಾರ ಬಟ್ಟೆಯಿಂದ ಕೊಳವೆ ಒರೆಸಿ ನೋಡುತ್ತೇನೆ. ಮರೆತರೂ ಚಿಂತೆಯಿಲ್ಲ, ಹಿಂದೆ ಕೂರುವ ಮುನ್ನ ಮನೆಯಾಕೆಯೇ ಕೇಳುತ್ತಾಳೆ: "ಎಣ್ಣೆ ನೋಡಿದ್ರಾ?"